ತೋಳು ಸಾಲದು ಅಂತ ಯಾರು ಹೇಳಿದ್ದು?

ಏಪ್ರಿಲ್ ಬಿಸಿಲಲ್ಲೂ ಹೂಡಿ (ಟೋಪಿ ಇರುವ ದಪ್ಪ ಅಂಗಿ) ತೆಗೆಯದೆ ತೂಕ ಎತ್ತುವ ಹುಡುಗರನ್ನು ಜಿಮ್‌ನಲ್ಲಿ ನೀವೂ ನೋಡಿರುತ್ತೀರಿ. ಬೆವರು ಇಳಿಸೋಕೆ ಹಾಕಿಕೊಂಡಿದ್ದಾರೆ ಅಂದುಕೊಂಡಿರುತ್ತೀರಿ. ಕೆಲವರು ಅದಕ್ಕೇ ಹಾಕಿಕೊಳ್ಳುತ್ತಾರೆ. ನಾನು ಹೋಗುವ ಕುವೆಂಪುನಗರದ ಜಿಮ್‌ನಲ್ಲಿ ಮಂಡ್ಯ ಕಡೆಯ ಒಬ್ಬ ಹುಡುಗ ಇದ್ದಾನೆ, ನೂರು ಕೆಜಿ ಮೇಲೆ ಸ್ಕ್ವಾಟ್ ಹೊಡೆಯುವವನು, ಅಂದರೆ ಅಷ್ಟು ತೂಕ ಹೆಗಲ ಮೇಲೆ ಹೊತ್ತು ಕೂತು ಏಳುವವನು. ಹೂಡಿ ಯಾಕೋ ಅಂತ ಕೇಳಿದರೆ, "ತೋಳು ಸಣ್ಣ ಕಾಣ್ತವೆ ಕಣಣ್ಣ" ಅಂದ. ಅದೇ ತೋಳು ನೋಡಿ ಹೊಸ ಹುಡುಗರು ಅವನ ಹತ್ತಿರ ಟಿಪ್ಸ್ ಕೇಳುತ್ತಾರೆ.

ಇದು ಅವನೊಬ್ಬನ ಕಥೆಯಲ್ಲ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಅವರ ಜೊತೆಯವರು 108 ಬಾಡಿ ಬಿಲ್ಡರ್‌ಗಳನ್ನು ಮಾತಾಡಿಸಿ 1993ರಲ್ಲಿ ಒಂದು ವರದಿ ಬರೆದರು. ಅದರಲ್ಲಿ 9 ಜನ ಗಟ್ಟಿಮುಟ್ಟಾಗಿದ್ದರೂ ತಾವು ಸಣಕಲು ಅಂತಲೇ ನಂಬಿದ್ದರು. 1997ರಲ್ಲಿ ಇದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ ಹೆಸರಿಟ್ಟರು. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನುವ ಮನೋರೋಗಗಳ ಕೈಪಿಡಿಯಲ್ಲೂ ಇದು ಸೇರಿದೆ. ಕನ್ನಡಿ ನೋಡಿ ಬೇಜಾರಾಗುವವರಿಗೆಲ್ಲ ಕಾಯಿಲೆ ಅಂತ ಅರ್ಥವಲ್ಲ. ಆದರೆ ಆ ದಾರಿಯಲ್ಲಿ ಅರ್ಧ ದೂರ ಹೋಗಿ ನಿಂತವರು ಪ್ರತಿ ಜಿಮ್‌ನಲ್ಲೂ ಸಿಗುತ್ತಾರೆ.

ಕಣ್ಣು ಮೋಸ ಮಾಡೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಸೆಟ್ ಮುಗಿದ ಕೂಡಲೇ ರಕ್ತ ನುಗ್ಗಿ ಮಸಲ್ ಉಬ್ಬಿರುತ್ತದೆ, ಮೇಲಿನ ಲೈಟು ಬಿದ್ದು ಒಂದೊಂದು ಗೆರೆಯ ಪಕ್ಕದಲ್ಲೂ ನೆರಳು ಕಟ್ಟಿರುತ್ತದೆ, ಎಲ್ಲರೂ ಫೋಟೋ ತೆಗೆದು ಹಾಕೋದು ಆಗಲೇ. ಆ ಉಬ್ಬು, ಜಿಮ್ ಭಾಷೆಯಲ್ಲಿ ಪಂಪ್, ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ಬೆಳಗ್ಗೆ ಎದ್ದು ಬಚ್ಚಲಮನೆ ಕನ್ನಡಿಯಲ್ಲಿ ಕಾಣುವ ತೋಳನ್ನು ಬೇರೆಯವರ ಪಂಪ್ ಆದ ತೋಳಿನ ಪಕ್ಕ ಇಟ್ಟರೆ ಯಾರದ್ದಾದರೂ ಸಣ್ಣಗೇ ಕಾಣುತ್ತದೆ ಅಲ್ವಾ? ಊಟದ ಲೆಕ್ಕವೂ ಇದೆ. ಊಟದ ಪಿಷ್ಟದಿಂದ ಮೈ ಮಸಲ್‌ನಲ್ಲಿ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಅನ್ನುವ ಇಂಧನ ತನ್ನ ತೂಕದ ಸುಮಾರು 3 ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಎರಡು ದಿನ ಅನ್ನ, ಮುದ್ದೆ ಬಿಟ್ಟರೆ ಆ ನೀರೂ ಹೋಗುತ್ತದೆ, ಮೈ ಚಪ್ಪಟೆಯಾಗಿ ಕಾಣುತ್ತದೆ. ಮಸಲ್ಲೇ ಕರಗಿಹೋಯ್ತು ಅಂತ ಹುಡುಗರು ಗಾಬರಿ ಬೀಳುತ್ತಾರೆ. ಕರಗಿರೋಲ್ಲ.

ಇನ್ನೊಂದು ವಿಷಯ ಪ್ರತಿಯೊಬ್ಬ ಹುಡುಗನಿಗೂ ಗೊತ್ತಿರಬೇಕು. 2000ದಲ್ಲಿ ಪೋಪ್ ತಂಡ ಆಸ್ಟ್ರಿಯಾ, ಫ್ರಾನ್ಸ್, ಅಮೆರಿಕದ ಗಂಡಸರಿಗೆ ಬೇರೆ ಬೇರೆ ಸೈಜಿನ ಮೈಗಳ ಚಿತ್ರ ತೋರಿಸಿ, ನಿಮಗೆ ಯಾವುದು ಬೇಕು ಅಂತ ಕೇಳಿತು. ಅವರು ಆರಿಸಿದ ಮೈಯಲ್ಲಿ ಅವರಿಗಿಂತ ಸರಾಸರಿ 13 ಕೆಜಿ ಮಸಲ್ ಜಾಸ್ತಿ ಇತ್ತು. ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಇಷ್ಟ ಅಂತ ಊಹಿಸಿದರು. ಹೆಂಗಸರನ್ನೇ ಕೇಳಿದಾಗ ಅವರು ತೋರಿಸಿದ್ದು ಸಾಧಾರಣ ಗಂಡಸಿನ ಮೈಯನ್ನು. ಯಾರೂ ಕೇಳದ 13 ಕೆಜಿಗೋಸ್ಕರ ಇಷ್ಟು ಸಂಕಟ!

ಸೈಜು ಬೇರೆ, ಬಲ ಬೇರೆ. ಶುರುವಿನ ವಾರಗಳಲ್ಲಿ ಬಲ ಏರೋದು ಹೆಚ್ಚಾಗಿ ನರಗಳು ಕೆಲಸ ಕಲಿಯೋದರಿಂದ, ಮಸಲ್ ಆಮೇಲೆ ನಿಧಾನವಾಗಿ ಬರುತ್ತದೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕೆಜಿ ಮೈತೂಕದ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದ ಮೀರಾಬಾಯಿ ಚಾನು ಎತ್ತಿದ್ದು ಒಟ್ಟು 202 ಕೆಜಿ. ಬಸ್‌ನಲ್ಲಿ ಪಕ್ಕ ಕೂತರೆ ಇವರನ್ನು ಯಾರೂ "ಬಾಡಿ ಮಾಡಿದ್ದಾರೆ" ಅನ್ನೋಲ್ಲ. ದಸರಾ ಕುಸ್ತಿಗೆ ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಹೋಗಿ ನೋಡಿ, ಹೊಟ್ಟೆ ಇರುವ ಪೈಲ್ವಾನರೂ ಇರುತ್ತಾರೆ, ಸಪೂರ ಮೈಯವರೂ ಇರುತ್ತಾರೆ. ಜನ ಕೂಗೋದು ಪಟ್ಟು ನೋಡಿ.

ಮನೆಯವರಿಗೂ ಒಂದು ಮಾತು. ಹಬ್ಬಕ್ಕೆ ಊರಿಗೆ ಬಂದ ಹುಡುಗನಿಗೆ "ಏನ್ ಮಗ, ಇಷ್ಟೊಂದು ಇಳಿದುಹೋಗಿದ್ದೀಯ, ಜಿಮ್ ದುಡ್ಡು ದಂಡ" ಅಂತ ಸುಮ್ನೆ ಹೇಳಿಬಿಡುತ್ತೀರಿ. ನಿಮಗೆ ಅದು ಪ್ರೀತಿಯ ಮಾತು. ಅವನು ಅದನ್ನು ತಿಂಗಳುಗಟ್ಟಲೆ ತಲೆಯಲ್ಲಿ ಹೊತ್ತುಕೊಂಡಿರುತ್ತಾನೆ. ದಯವಿಟ್ಟು ನಿಲ್ಲಿಸಿ.

ಯಾಕೆಂದರೆ ಇದರ ಮುಂದಿನ ಹೆಜ್ಜೆ ಸೂಜಿ. ಮಸಲ್ ಬೆಳೆಸೋಕೆ ಅಂತ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಹೊರಗಿನಿಂದ ಚುಚ್ಚಿಸಿಕೊಂಡರೆ ಮೈ ತನ್ನದನ್ನು ಮಾಡೋದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತವೆ, ವೀರ್ಯಾಣು ಕಡಿಮೆಯಾಗುತ್ತವೆ. ಹೆಚ್ಚು ಡೋಸ್ ತುಂಬಾ ದಿನ ತಗೊಂಡವರಿಗೆ ಹೃದಯದ ಗೋಡೆಯೂ ದಪ್ಪವಾಗಬಹುದು. ಫೋನಲ್ಲಿ ನೋಡುವ ಎಷ್ಟೋ ಮೈಗಳು ಹಾಗೆ ಬಂದವು. ಅವರ ಪಕ್ಕ ನಿಮ್ಮನ್ನು ನಿಲ್ಲಿಸಿಕೊಳ್ಳಬೇಡಿ.

ಮದುವೆಗೆ ಹೋಗೋಕೆ ಹಿಂಜರಿಕೆ, ಒಂದು ದಿನ ವರ್ಕೌಟ್ ತಪ್ಪಿದರೆ ನಿದ್ದೆ ಬಾರದ ಸಂಕಟ, ದಿನವಿಡೀ ತೋಳಿನದೇ ಯೋಚನೆ. ಇಷ್ಟಾದರೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರೋಟೀನ್ ಪೋಸ್ಟರ್ ಪಕ್ಕದಲ್ಲೇ ಈ ನಂಬರನ್ನೂ ಅಂಟಿಸಿ ಅಂತ ನಮ್ಮ ಜಿಮ್‌ನವರನ್ನು ಕೇಳಿದ್ದೇನೆ. ಆಯ್ತು ಅಂದಿದ್ದಾರೆ. ನಿಮ್ಮ ಜಿಮ್‌ನಲ್ಲೂ ಕೇಳಿ.