ಚಿಂಕಾರಕ್ಕೂ ನನಗೂ ನಡುವಿನ ಬಯಲು

ಚಿಂಕಾರವೆಂಬ ಹುಲ್ಲೆಯ ಚಿತ್ರ ತೆಗೆಯಲು ಯಡಹಳ್ಳಿಯ ಬಯಲಿಗೆ ಮೊದಲ ಸಲ ಕ್ಯಾಮೆರಾ ಹೊತ್ತುಕೊಂಡು ಹೋದದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಬೆಳಗಿನ ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಬಾಗಲಕೋಟೆಯ ನವನಗರದ ಮನೆಗೆ ಮರಳಿ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಒಂದರಲ್ಲಿಯೂ ಪ್ರಾಣಿಯ ಕಣ್ಣು ಕಾಣುವಂತಿರಲಿಲ್ಲ. ಕಂದು ಬಣ್ಣದ ಒಂದು ಕಲೆ, ಅದರ ಮೇಲೆ ಕೋಡುಗಳಿರಬಹುದೆಂದು ಊಹಿಸಬಹುದಾದ ಎರಡು ಸೊಟ್ಟ ಗೆರೆಗಳು. ಹರಿಯುವ ನೀರಿನ ತಳದಲ್ಲಿರುವ ಕಲ್ಲಿನಂತೆ ಎಲ್ಲವೂ ಕದಡಿಹೋಗಿತ್ತು. ಲೆನ್ಸ್ ಕೆಟ್ಟಿದೆಯೆಂದೇ ತಿಳಿದು, ಒಂದು ವಾರ ಮಾಳಿಗೆಯ ಮೇಲೆ ನಿಂತು ಎದುರುಮನೆಯ ನಾಮಫಲಕವನ್ನು ತೆಗೆತೆಗೆದು ಪರೀಕ್ಷಿಸಿದೆ. ಅಕ್ಷರಗಳು ಚೊಕ್ಕವಾಗಿಯೇ ಬಂದವು. ಎದುರುಮನೆಯವರು ಮಾತ್ರ ನನ್ನನ್ನು ಸಂಶಯದಿಂದ ನೋಡತೊಡಗಿದರು.

ತಪ್ಪು ಲೆನ್ಸಿನದಾಗಿರಲಿಲ್ಲ, ನಾನು ಹೋದ ಹೊತ್ತಿನದಾಗಿತ್ತು. ಬಿಸಿಲೇರಿದಂತೆ ನೆಲ ಕಾದು, ನೆಲಕ್ಕೆ ತಾಗಿರುವ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಬಿಸಿ ಗಾಳಿ ಮತ್ತು ತಂಪು ಗಾಳಿಯ ಪದರಗಳ ನಡುವೆ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಬೇಸಿಗೆಯ ಡಾಂಬರು ರಸ್ತೆಯಲ್ಲಿ ನೀರು ನಿಂತಂತೆ ತೋರುವ ಬಿಸಿಲ್ಗುದುರೆಗೆ ಕಾರಣವೂ ಹೀಗೆ ಬೆಳಕು ಬಾಗುವುದೇ ಆಗಿದೆ. ಬರಿಗಣ್ಣಿಗೆ ಅಷ್ಟಾಗಿ ತಿಳಿಯದ ಈ ನಡುಕವನ್ನು 600 ಮಿ.ಮೀ. ಲೆನ್ಸು ಪ್ರಾಣಿಯ ಜೊತೆಗೇ ಹಿಗ್ಗಿಸಿ ತೋರಿಸುತ್ತದೆ. ಇನ್ನೂ ದೊಡ್ಡ ಲೆನ್ಸು ತಂದರೆ ನಡುಕವೂ ದೊಡ್ಡದಾಗುತ್ತದೆ. ಮನೆಗೆ ಬಂದು ಯಾವ ತಂತ್ರಾಂಶದಲ್ಲಿ ತಿದ್ದಿದರೂ ಚಿತ್ರದಲ್ಲಿ ದಾಖಲಾಗದೆ ಹೋದ ಕಣ್ಣು ಮರಳಿ ಬರುವುದಿಲ್ಲ.

ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವು ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ, ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ನಡುವಿನ ಒಣ ಭೂಮಿಯಲ್ಲಿದೆ. 2016ರಲ್ಲಿ ಘೋಷಿತವಾದ ಈ ಧಾಮದ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ದಾಂಡೇಲಿ, ಬಂಡೀಪುರಗಳನ್ನು ನೋಡಿ ಬಂದವರು ಇದನ್ನು ಕಾಡೆಂದು ಒಪ್ಪಲಿಕ್ಕಿಲ್ಲ. ಕಲ್ಲುಗುಡ್ಡಗಳು, ಜಾಲಿ ಮತ್ತು ಬಾರಿ ಕಂಟಿಗಳು, ಬಂದರಿಕೆಯ ಪೊದೆಗಳು, ಮಳೆಗಾಲ ಮುಗಿದ ಮೇಲೆ ಹಳದಿಗೆ ತಿರುಗುವ ಹುಲ್ಲು ಇವೇ ಇಲ್ಲಿನ ಸಂಪತ್ತು. ಸ್ವಲ್ಪ ಆಚೆ ನೋಡಿದರೆ ಕಬ್ಬಿನ ಹೊಲಗಳ ಕಡುಹಸಿರು. ಒಣಗಿದ ಬಯಲು ನಿಷ್ಪ್ರಯೋಜಕ ಎಂದು ಭಾವಿಸುವ ನಮ್ಮ ರೂಢಿಯಿಂದಲೇ ಬಯಲಿನ ಪ್ರಾಣಿಗಳು ನೆಲೆ ಕಳೆದುಕೊಂಡಿವೆ ಎಂಬುದು ನನ್ನ ಅಭಿಪ್ರಾಯ; ತೋಳ, ಕತ್ತೆಕಿರುಬ, ಗುಳ್ಳೆನರಿಗಳಿಗೆ ಬೇಕಾದದ್ದು ಇಂತಹ ಬಯಲೇ.

ಚಿಂಕಾರವು ಜಿಂಕೆಯಲ್ಲ, ಹುಲ್ಲೆಯ ಜಾತಿಗೆ ಸೇರಿದ ಪ್ರಾಣಿ. ಜಿಂಕೆಯ ಕವಲುಗೋಡು ವರ್ಷವರ್ಷವೂ ಉದುರಿ ಹೊಸದಾಗಿ ಬೆಳೆಯುತ್ತದೆ. ಚಿಂಕಾರದ ಉಂಗುರವುಂಗುರವಾದ ಕೋಡು ಉದುರುವುದಿಲ್ಲ. ಭುಜದ ಎತ್ತರ ಎರಡಡಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 65 ಸೆಂ.ಮೀ.; ತೂಕ ಇಪ್ಪತ್ತು ಕಿಲೋ ಆಸುಪಾಸು. ಎಲೆ ಮತ್ತು ಇಬ್ಬನಿಗಳಲ್ಲಿರುವ ತೇವದಿಂದಲೇ ಬಹುಕಾಲ ನೀರು ಕುಡಿಯದೆ ಬದುಕಬಲ್ಲದಾದ್ದರಿಂದ, ಕೆರೆಯ ದಂಡೆಯಲ್ಲಿ ಅಡಗಿ ಕುಳಿತು ಕಾಯುವ ಸಾಮಾನ್ಯ ಉಪಾಯ ಇಲ್ಲಿ ನಡೆಯುವುದಿಲ್ಲ. ಹೆಚ್ಚಾಗಿ ಒಂಟಿಯಾಗಿ, ಇಲ್ಲವೆ ಎರಡು ಮೂರರ ಚಿಕ್ಕ ಗುಂಪಾಗಿ ತಿರುಗುತ್ತದೆ. ಅಪಾಯ ಕಂಡರೆ ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಮೂಗಿನಿಂದ ಸೀನಿದಂತೆ ಸದ್ದು ಮಾಡಿ, ಕಪ್ಪು ಬಾಲವನ್ನು ಅಲ್ಲಾಡಿಸುತ್ತ ಓಡಿಬಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಲ್ಲಿ, ಇದರ ಹೆಸರಿದೆ.

ಇಷ್ಟನ್ನೆಲ್ಲ ನಾನು ಆ ಏಪ್ರಿಲ್‌ ನಂತರ ಓದಿ ತಿಳಿದುಕೊಂಡೆ. ಆದರೆ ನನ್ನ ನಿಜವಾದ ತಪ್ಪನ್ನು ತೋರಿಸಿದವರು ಧಾಮದ ಅಂಚಿನ ಹೊಲವೊಂದರಲ್ಲಿ ಕುರಿ ಹಿಂಡನ್ನು ತರುಬಿದ್ದ ಒಬ್ಬ ಅಜ್ಜ. ಎರಡನೆಯ ಸಲ ಹೋದಾಗ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಟವನು ದಾರಿಯ ಬದಿಯಲ್ಲಿ ಬೈಕು ನಿಲ್ಲಿಸಿ, ದುರ್ಬೀನು ಹಿಡಿದು ಗುಡ್ಡದ ಇಳಿಜಾರನ್ನು ಹುಡುಕುತ್ತಿದ್ದೆ.

“ಏನ್ ಹುಡುಕಾಕತ್ತಿ ತಮ್ಮಾ?” ಎಂದರು.

“ಚಿಂಕಾರ ಕಾಣತಾವೇನ್ರಿ ಅಜ್ಜಾರ?”

“ಚಿಗರಿ ಏನು? ನೀ ಗಾಡಿ ನಿಲ್ಸಿದಾಗ್ಲೇ ಅವು ನಿನ್ನ ನೋಡ್ಯಾವ. ಈಗ ನೀ ಹುಡುಕಾಕ ಹೊಂಟಿ.”

ನಾನು ನಕ್ಕೆ, ಅವರು ನಗಲಿಲ್ಲ. ಕುರಿಗಳ ಜೊತೆ ನಡೆಯುವಾಗ ಚಿಗರಿ ಅಷ್ಟಾಗಿ ಬೆದರುವುದಿಲ್ಲ, ನಡೆಯುತ್ತಿದ್ದವನು ಥಟ್ಟನೆ ನಿಂತರೆ ಮಾತ್ರ ಅದು ಓಡುತ್ತದೆ ಎಂದು ವಿವರಿಸಿದರು. ನಿಲ್ಲುವುದು, ಮುಖಕ್ಕೆ ನೇರವಾಗಿ ಏನನ್ನೋ ಎತ್ತಿ ಹಿಡಿಯುವುದು, ಅದರ ಕಡೆಗೇ ತಿರುಗಿ ನೋಡುವುದು ಇವೆಲ್ಲ ಬೇಟೆಗಾರನ ಚಲನೆಗಳು. ಛಾಯಾಗ್ರಾಹಕನ ಚಲನೆಗಳೂ ಅವೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇದನ್ನು ಬೇರೊಂದು ಕಡೆ ಒರೆಗೆ ಹಚ್ಚಿ ನೋಡುವ ಅವಕಾಶ ಆ ವರ್ಷದ ನವೆಂಬರಿನಲ್ಲಿ ಒದಗಿತು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿನ ಹಿನ್ನೀರಿಗೆ ಹೊಂದಿಕೊಂಡು ಘಟಪ್ರಭಾ ಪಕ್ಷಿಧಾಮವಿದೆ. 1974ರಲ್ಲಿ ಘೋಷಿತವಾದದ್ದು, 29.78 ಚದರ ಕಿಲೋಮೀಟರ್ ವ್ಯಾಪ್ತಿಯದು. ಅಲ್ಲಿ ಮೀನುಗಾರರು ಬಲೆ ಬಿಡಿಸುತ್ತ ಕುಳಿತ ಜಾಗದಿಂದ ಹತ್ತು ಮಾರು ದೂರದಲ್ಲಿ ಬಣ್ಣದ ಕೊಕ್ಕರೆಗಳು ನಿರಾತಂಕವಾಗಿ ಮೀನು ಹುಡುಕುತ್ತಿದ್ದವು. ನಾನು ಕ್ಯಾಮೆರಾದ ಮುಕ್ಕಾಲಿ ಬಿಡಿಸಿ ನಿಲ್ಲಿಸಿದ ಕೂಡಲೇ ಎಲ್ಲವೂ ಎದ್ದು ಆಚೆಯ ದಂಡೆಗೆ ಹೋದವು. ಮರುದಿನ ಮುಕ್ಕಾಲಿಯನ್ನು ಬಿಟ್ಟು, ಸೂರ್ಯ ಹುಟ್ಟುವುದಕ್ಕೆ ಮುಂಚೆಯೇ ದಂಡೆಯ ಕೆಸರಿನಲ್ಲಿ ಗೋಣಿಚೀಲ ಹಾಸಿ ಮಲಗಿದೆ. ಹಕ್ಕಿಗಳು ತಾವಾಗಿಯೇ ಬಂದವು. ನೀರಿನ ಮಟ್ಟಕ್ಕೆ ಕ್ಯಾಮೆರಾ ಇಳಿದಾಗ ಹಿನ್ನೆಲೆಯ ದಂಡೆ ದೂರ ಸರಿದು ಮಸುಕಾಗಿ, ಹಕ್ಕಿ ಒಂದೇ ಎದ್ದು ಕಾಣುವುದು ಇನ್ನೊಂದು ಲಾಭ. ಬೆಳ್ಳಕ್ಕಿಯಂತಹ ಬಿಳಿ ಹಕ್ಕಿ ಕಪ್ಪು ನೀರಿನ ಎದುರು ನಿಂತಾಗ ಕ್ಯಾಮೆರಾ ಮೋಸಹೋಗಿ ಬೆಳಕನ್ನು ಹೆಚ್ಚು ಒಳಬಿಡುತ್ತದೆ, ಗರಿಗಳ ಎಳೆಯೆಲ್ಲ ಅಳಿಸಿ ಸುಣ್ಣದ ಗೋಡೆಯಂತಾಗುತ್ತದೆ. ಆದ್ದರಿಂದ ಬೆಳಕನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪು ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ತಗ್ಗಿಸಿಕೊಳ್ಳಬೇಕು. ಕಪ್ಪನೆಯ ನೀರುಕಾಗೆಗೆ ಇದರ ತದ್ವಿರುದ್ಧ. ಹಾರುವ ಹಕ್ಕಿಗೆ ಸೆಕೆಂಡಿನ ಎರಡು ಸಾವಿರ ಪಾಲುಗಳಲ್ಲಿ ಒಂದು ಪಾಲಿಗಿಂತ ನಿಧಾನವಾದ ಶಟರ್ ನನಗೆ ಕೈಕೊಟ್ಟದ್ದೇ ಹೆಚ್ಚು.

ಜನವರಿಯಲ್ಲಿ ಮತ್ತೆ ಯಡಹಳ್ಳಿಗೆ ಹೋದೆ. ಈ ಸಲ ಮುಕ್ಕಾಲಿಯ ಬದಲು ಅವ್ವ ಹಳೆಯ ಪ್ಯಾಂಟಿನ ಕಾಲಿನಿಂದ ಹೊಲಿದುಕೊಟ್ಟ ಚೀಲವಿತ್ತು. ಅಂಗಡಿಯಲ್ಲಿ ಸಿಗುವ ಚೀಲಗಳಿಗೆ ಪ್ಲಾಸ್ಟಿಕ್ ಮಣಿ ತುಂಬಿರುತ್ತಾರೆ. ಇದಕ್ಕೆ ಎರಡು ಸೇರು ಬಿಳಿಜೋಳ ತುಂಬಿದ್ದೆ. ಲೆನ್ಸು ಅದರ ಮೇಲೆ ಹುದುಗಿ ಕೂಡುತ್ತದೆ, ಅಲುಗುವುದಿಲ್ಲ. (ಜೋಳದ ಚೀಲವನ್ನು ಮರೆತು ಅಟ್ಟದ ಮೇಲಿಟ್ಟರೆ ಇಲಿಗಳು ಅದನ್ನು ಬೇಗ ಕಂಡುಹಿಡಿಯುತ್ತವೆ, ಈಗಿರುವುದು ಮೂರನೆಯ ಚೀಲ.) ಆರೂವರೆಯ ಹೊತ್ತಿಗೆ, ಜೊತೆಗೆ ಬಂದ ಅರಣ್ಯ ಕಾವಲುಗಾರರು ತೋರಿಸಿದ ಬಂದರಿಕೆಯ ಪೊದೆಯ ಮರೆಯಲ್ಲಿ, ಗಾಳಿಗೆ ಎದುರಾಗಿ ಮಲಗಿದ್ದೆ. ಗೌಜುಗಗಳು ಕೂಗತೊಡಗಿದವು, ನೀಲಕಂಠವೊಂದು ಜಾಲಿಯ ತುದಿಗೆ ಬಂದು ಕುಳಿತಿತು, ಟಿಟ್ಟಿಭವು ಎಂದಿನಂತೆ ಊರಿಗೆಲ್ಲ ನನ್ನ ಸುದ್ದಿ ಸಾರಿತು. ಏಳೂಕಾಲಿಗೆ ಒಂದು ಚಿಂಕಾರ ಇಳಿಜಾರಿನಿಂದ ಬಯಲಿಗೆ ಬಂದು, ನಿಂತು, ನನ್ನ ಪೊದೆಯನ್ನು ನೋಡಿತು.

ಅಂತರ ಎರಡು ನೂರು ಮೀಟರಿಗೆ ಕಡಿಮೆಯಿರಲಿಲ್ಲ. ನನ್ನ ಕ್ಯಾಮೆರಾದ ಸೆನ್ಸರಿಗೆ ಅಷ್ಟು ದೂರದಲ್ಲಿ 600 ಮಿ.ಮೀ. ಲೆನ್ಸು ಸುಮಾರು ಐದು ಮೀಟರ್ ಎತ್ತರದ ನೋಟವನ್ನು ಹಿಡಿಯುತ್ತದೆ. ಅದರಲ್ಲಿ ಚಿಂಕಾರದ ಪಾಲು ಎಂಟನೆಯ ಒಂದು ಭಾಗ. ತೆವಳಿ ಮುಂದೆ ಹೋಗುವ ಆಸೆ ಬಲವಾಗಿಯೇ ಇತ್ತು. ಹೋಗಿದ್ದರೆ ಅದು ಓಡುತ್ತಿತ್ತು, ಓಡುವ ಚಿಂಕಾರದ ಚಿತ್ರ ಸಿಗುತ್ತಿತ್ತು, ಸ್ನೇಹಿತರು ಹೊಗಳುತ್ತಿದ್ದರು. ಅದರ ಬೆಳಗಿನ ಮೇವು ಮಾತ್ರ ತಪ್ಪುತ್ತಿತ್ತು. ಮರಿ ಹಾಕಿದ ತಾಯಿಯನ್ನೋ ಗೂಡಿನ ಹಕ್ಕಿಯನ್ನೋ ಎಬ್ಬಿಸಿ ತೆಗೆದ ಚಿತ್ರಗಳನ್ನು ನಾನೀಗ ಮೆಚ್ಚುವುದಿಲ್ಲ, ಅವು ಎಷ್ಟೇ ಚೊಕ್ಕವಾಗಿರಲಿ. ಝೂಮನ್ನು ಹಿಂದಕ್ಕೆ ಎಳೆದು 200 ಮಿ.ಮೀ.ಗೆ ತಂದೆ. ಹಳದಿ ಹುಲ್ಲು, ಗುಡ್ಡದ ಕಲ್ಲು, ಮೂಡಣದಿಂದ ಅಡ್ಡಲಾಗಿ ಬೀಳುವ ಬಿಸಿಲು, ಉದ್ದ ನೆರಳು, ಆ ಎಲ್ಲದರ ನಡುವೆ ಹೆಬ್ಬೆರಳಿನ ಉಗುರಿನಷ್ಟು ಚಿಂಕಾರ. ಗಾಳಿ ಇನ್ನೂ ತಂಪಾಗಿದ್ದುದರಿಂದ ಒಂದೊಂದು ಹುಲ್ಲಿನ ಎಸಳೂ ಕಡಿದಿಟ್ಟಂತೆ ಮೂಡಿತು. ಅದರ ಕೋಡು ಚಿಕ್ಕದಾಗಿ, ತೆಳ್ಳಗೆ ಇದ್ದುದರಿಂದ ಎಳೆಯ ಗಂಡಿರಬೇಕೆಂದುಕೊಂಡೆ. ಕಾವಲುಗಾರರು ಹೆಣ್ಣೆಂದು ತಿದ್ದಿದರು. ಕೃಷ್ಣಮೃಗದಲ್ಲಿ ಸಾಮಾನ್ಯವಾಗಿ ಗಂಡಿಗೆ ಮಾತ್ರ ಕೋಡು. ಚಿಂಕಾರದಲ್ಲಿ ಹೆಣ್ಣಿಗೂ ಇರುತ್ತದೆ, ಗಂಡಿನದಕ್ಕಿಂತ ಗಿಡ್ಡಾಗಿ, ಉಂಗುರಗಳಿಲ್ಲದೆ. ಒಂಬತ್ತಕ್ಕೆ ಮುಂಚೆಯೇ ಬಯಲು ನಡುಗತೊಡಗಿತು. ಕ್ಯಾಮೆರಾ ಒಳಗಿಟ್ಟೆ.

ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಮುಂದಿನ ತಿಂಗಳು ಹೋದಾಗ ಅಜ್ಜನಿಗೆ ಕೊಟ್ಟೆ. ಅವರು ಅದನ್ನು ಕೈಯುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದರು. ನಾನು ಚಿಂಕಾರ ಎಲ್ಲಿದೆಯೆಂದು ತೋರಿಸಲು ಬೆರಳು ಮುಂದೆ ಮಾಡಿದಾಗ, “ಅದು ಕಾಣತೈತಿ ಬಿಡೋ. ಈ ಜಾಲಿ ಕಂಟಿ ಬುಡದಾಗ ಇನ್ನೊಂದು ಕುಂತೈತಲ್ಲ, ಅದನ್ನ ನೋಡಿಯೇನು?” ಎಂದರು.

ಮನೆಗೆ ಬಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಜಾಲಿಯ ಬುಡದ ನೆರಳನ್ನು ಸ್ವಲ್ಪ ತಿಳಿಗೊಳಿಸಿದೆ. ಎರಡು ಕಿವಿಗಳು, ಉಂಗುರವುಂಗುರವಾದ ಕೋಡುಗಳು, ಮತ್ತು ನೇರವಾಗಿ ಲೆನ್ಸನ್ನೇ ನೋಡುತ್ತಿರುವ ಒಂದು ಕಣ್ಣು.