ಹೊರಗಿನವರನ್ನು ಯಾಕೆ ಆಡಿಸುವುದಿಲ್ಲ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಆಸುಪಾಸಿನ ಆರು ಊರುಗಳ ಗಂಡಸರ ತಂಡ ಕಟ್ಟಿ ನಾವು ಒಂದು ಬಾಸ್ಕೆಟ್‌ಬಾಲ್ ಲೀಗ್ ನಡೆಸುತ್ತೇವೆ. ಆಯಾ ತಂಡದಲ್ಲಿ ಆಯಾ ಊರಿನವರೇ ಆಡಬೇಕು. ನಮ್ಮ ಗಟ್ಟಿ ನಿಯಮ ಇದೊಂದೇ. ಎಲ್ಲರಿಗೂ ತಕರಾರು ಇರುವುದೂ ಇದೊಂದರ ಮೇಲೆಯೇ.

"ಬರೀ ಲೋಕಲ್ ಹುಡುಗರಾ ಮಾಷ್ಟ್ರೇ? ಮಂಗಳೂರಿಂದ ಎರಡು ಒಳ್ಳೆ ಪ್ಲೇಯರ್ ತಂದ್ರೆ ನಿಮ್ಗೆ ಎಂತ ಹೋಗ್ತದೆ?"

ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಬ್ಯಾಂಕಿನ ಕ್ಯೂನಲ್ಲಿ ಕೇಳುತ್ತಾರೆ. ಮೊನ್ನೆ ಒಂದು ಉಪನಯನದಲ್ಲಿ ಎದುರು ಹಂತಿಯಲ್ಲಿ ಕೂತ ಹಿರಿಯರೊಬ್ಬರು ಕೇಳಿದರು. ನಾನು ಉತ್ತರ ಮುಗಿಸುವಷ್ಟರಲ್ಲಿ ಪಾಯಸ ಎರಡು ಸಲ ಬಂದು ಹೋಗಿತ್ತು. ನನ್ನ ಎಲೆಯಲ್ಲಿ ಸಾರನ್ನವೇ ಉಳಿದಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನು ಕಳಿಸಿ ನಾನು ಊಟ ಮಾಡುತ್ತೇನೆ.

ಮೊದಲು ಆ "ಬರೀ" ಎಂಬ ಮಾತು ಬಿಡಿ. ಕೋಪ ಬರುವುದು ಅದಕ್ಕೆ. ಕಬಡ್ಡಿಯಲ್ಲಿ ನಮ್ಮೂರಿನ ಹುಡುಗ ಗೆದ್ದರೆ "ನಮ್ಮ ಹುಡುಗ". ಬಾಸ್ಕೆಟ್‌ಬಾಲ್ ಆಡಿದರೆ "ಬರೀ ಲೋಕಲ್". ಅದೇ ಹುಡುಗ, ಅದೇ ಮನೆ ಅಲ್ವಾ?

ಈಗ ಲೆಕ್ಕ. ಒಂದು ಪಂದ್ಯ ಹತ್ತು ಹತ್ತು ನಿಮಿಷದ ನಾಲ್ಕು ಭಾಗ, ಒಟ್ಟು 40 ನಿಮಿಷ. ಅಂಗಳದಲ್ಲಿ ಒಂದು ತಂಡದ ಐದು ಜನ. ಅಂದರೆ ಒಂದು ತಂಡಕ್ಕೆ ಸಿಗುವುದು 200 ನಿಮಿಷದ ಆಟ. ಅದನ್ನು ಹನ್ನೆರಡು ಜನ ಹಂಚಿಕೊಳ್ಳಬೇಕು. ಹೊರಗಿನಿಂದ ಇಬ್ಬರನ್ನು ತಂದರೆ ಅವರನ್ನು ಯಾರೂ ಬೆಂಚಿನಲ್ಲಿ ಕೂರಿಸುವುದಿಲ್ಲ, ದುಡ್ಡು ಕೊಟ್ಟಿರುತ್ತಾರಲ್ಲ. 80 ನಿಮಿಷ ಅಲ್ಲಿಗೇ ಹೋಯಿತು. ಉಳಿದ 120ರಲ್ಲಿ ಹತ್ತು ಹುಡುಗರು. ಆಟ ಬಿಗಿಯಾದಾಗ ಚೆಂಡು ಯಾರ ಕೈಗೆ ಹೋಗುತ್ತದೆ? ಆ ಇಬ್ಬರ ಕೈಗೆ. ಕೊನೆಯ ಎರಡು ನಿಮಿಷದಲ್ಲಿ ಮೂರು ಪಾಯಿಂಟ್ ಹಿಂದೆ ಇದ್ದಾಗ ಫ್ರೀ ಥ್ರೋ ಹಾಕುವುದು ಹೇಗೆ ಎನ್ನುವುದನ್ನು ಪ್ರಾಕ್ಟೀಸಿನಲ್ಲಿ ಕಲಿಸಲಿಕ್ಕೆ ನನಗೆ ಬರುವುದಿಲ್ಲ. ಯಾರಿಗೂ ಬರುವುದಿಲ್ಲ. ಅದನ್ನು ಅಲ್ಲಿ ನಿಂತೇ ಕಲಿಯಬೇಕು.

ಇದು ನನಗೂ ಮೊದಲೇ ಗೊತ್ತಿರಲಿಲ್ಲ. ಲೀಗಿನ ಎರಡನೇ ವರ್ಷದವರೆಗೆ ಈ ನಿಯಮ ಇರಲಿಲ್ಲ. ಆ ವರ್ಷ ಒಂದು ತಂಡ ಫೈನಲಿಗೆ ಮೂವರು ಹೊರಗಿನವರನ್ನು ತಂದಿತು. ಹೊನಲು ಬೆಳಕಿನ ಪಂದ್ಯ, ಶಾಲೆಯ ಮೆಟ್ಟಿಲ ತುಂಬ ಜನ, ಮೈಕ್, ಚರುಂಬುರಿ ಗಾಡಿ, ಭಾರೀ ಗಮ್ಮತ್ತು. ನಾನು ಸ್ಕೋರ್ ಶೀಟ್ ಬರೆಯಲಿಕ್ಕೆ ಕೂತಿದ್ದೆ. ಆ ಹಾಳೆಯಲ್ಲಿ ಒಂದು ಪದ್ಧತಿ ಇದೆ. ಆಟಗಾರ ಅಂಗಳಕ್ಕೆ ಇಳಿದ ಕೂಡಲೇ ಅವನ ಹೆಸರಿನ ಎದುರು ಗುಣಿಸುವ ಗುರುತು ಹಾಕಬೇಕು. ಮೊದಲ ಐವರ ಗುರುತಿಗೆ ಸುತ್ತು ಹಾಕಬೇಕು.

ಆ ತಂಡ ಹದಿನೆಂಟು ಪಾಯಿಂಟಿನಿಂದ ಗೆದ್ದಿತು. ಪಟಾಕಿ ಹೊಡೆದರು. ಹಾಳೆಗೆ ಸಹಿ ಹಾಕಿಸುವಾಗ ನೋಡಿದೆ. ಗೆದ್ದ ತಂಡದ ಹನ್ನೆರಡು ಹೆಸರಿನಲ್ಲಿ ಐದರ ಎದುರು ಖಾಲಿ. ಐವರೂ ಊರಿನ ಹುಡುಗರು. ಅದರಲ್ಲಿ ಒಬ್ಬ ಆ ವರ್ಷದ ಲೀಗ್ ಪಂದ್ಯಗಳಲ್ಲೆಲ್ಲ ಗಾರ್ಡ್ ಆಗಿ ಆಡಿದವನು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದ. ಅವನ ಅಮ್ಮ ಆಟ ನೋಡಲಿಕ್ಕೆ ಬಂದದ್ದು ಅದೇ ಮೊದಲು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅಂಗಳದಲ್ಲಿ ಮಗನನ್ನು ಹುಡುಕುತ್ತಿದ್ದರು. "ನಮ್ಮವ ಯಾವಾಗ ಬರುವುದು ಮಾಷ್ಟ್ರೇ?" ಎಂದು ಮಧ್ಯಂತರದಲ್ಲಿ ನನ್ನ ಹತ್ತಿರ ಕೇಳಿದರು. "ಈಗ ಬರ್ತಾನೆ ಅಕ್ಕ" ಎಂದೆ. ಅವನು ಬರಲಿಲ್ಲ.

ಹೊರಗಿನವರು ಸಂಭಾವನೆ ತಗೊಂಡು ರಾತ್ರಿಯೇ ಹೋದರು. ಒಳ್ಳೆಯ ಹುಡುಗರೇ, ಅವರ ತಪ್ಪು ಏನೂ ಇಲ್ಲ. ಆದರೆ ಮುಂದಿನ ಭಾನುವಾರದ ಪ್ರಾಕ್ಟೀಸಿಗೆ ಆ ಐವರೂ ಬರಲಿಲ್ಲ. ಇಬ್ಬರನ್ನು ಮನೆಗೆ ಹೋಗಿ ಕರೆದು ತಂದೆ. ಗಾರ್ಡ್ ಹುಡುಗ ಆರು ತಿಂಗಳಲ್ಲಿ ಶಾರ್ಜಾಕ್ಕೆ ಹೋದ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ನಿಯಮ ಹುಟ್ಟಿದ್ದು ಅದರಿಂದ.

"ಹಾಗಾದರೆ ಸ್ಟ್ಯಾಂಡರ್ಡ್?" ಎಂದು ಕೇಳುತ್ತೀರಿ. ಕಮ್ಮಿಯೇ. ಮೊದಲ ವರ್ಷ ಒಂದು ಪಂದ್ಯ 22–19ಕ್ಕೆ ಮುಗಿದಿತ್ತು. ಈಗ ಆ ತಂಡದವರು ರಿಂಗಿನ ಹತ್ತಿರ ಓಡಿ ಹೋಗಿ ಎಡಗೈಯಲ್ಲೂ ಲೇ-ಅಪ್ ಹಾಕುತ್ತಾರೆ. ಯಕ್ಷಗಾನದ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ರಾವಣನ ವೇಷ ಕೊಡುತ್ತಾರಾ? ಪ್ರಸಂಗ ಶುರುವಾಗುವ ಮೊದಲು ಕೋಡಂಗಿ ಕುಣಿಯುತ್ತಾನೆ, ಬಾಲಗೋಪಾಲ ಆಗುತ್ತಾನೆ. ಆಗ ಜನ ಚಹಾ ಕುಡಿಯಲಿಕ್ಕೆ ಎದ್ದು ಹೋಗಿರುತ್ತಾರೆ, ಇರಲಿ. ದಿನಾ ರಂಗಕ್ಕೆ ಹೋಗುತ್ತಾನೆ, ಹೆಜ್ಜೆ ಗಟ್ಟಿಯಾಗುತ್ತದೆ.

"ನಮ್ಮ ಹುಡುಗರು ಗಿಡ್ಡ" ಎನ್ನುವವರಿಗೂ ಉತ್ತರ ಕೊಟ್ಟುಬಿಡುತ್ತೇನೆ. ರಿಂಗ್ ಇರುವುದು 3.05 ಮೀಟರ್ ಮೇಲೆ, ಸರಿ. ಪಂಜಾಬಿನ ಒಂದು ಹಳ್ಳಿಯಿಂದ ಬಂದ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯ ತಂಡವೊಂದಕ್ಕೆ ಆಯ್ಕೆಯಾದಾಗ ಎಲ್ಲರೂ ಅವನ ಏಳಡಿಯ ಬಗ್ಗೆಯೇ ಮಾತಾಡಿದರು. ಅದೇ ಎನ್‌ಬಿಎಯಲ್ಲಿ ಐದಡಿ ಮೂರು ಇಂಚಿನ ಮಗ್ಸಿ ಬೋಗ್ಸ್ 14 ಸೀಸನ್ ಆಡಿದ್ದಾರೆ. ನಮ್ಮ ಹುಡುಗರಲ್ಲಿ ಅವರಿಗಿಂತ ಗಿಡ್ಡ ಯಾರೂ ಇಲ್ಲ.

ಊರಿನ ಲೀಗ್ ಎಂಬುದು ನಾನು ಕಂಡುಹಿಡಿದದ್ದೂ ಅಲ್ಲ. ಫಿಲಿಪೈನ್ಸಿನಲ್ಲಿ ಗಲ್ಲಿಗಲ್ಲಿಗೂ ಬಾಸ್ಕೆಟ್‌ಬಾಲ್. ಅಲ್ಲಿ 1975ರಿಂದ ದೊಡ್ಡ ವೃತ್ತಿಪರ ಲೀಗ್ ಇದೆ, ಆದರೆ ಅದರ ತಂಡಗಳಿಗೆ ಇರುವುದು ಕಂಪನಿಗಳ ಹೆಸರು. ಬಾಕ್ಸರ್ ಮ್ಯಾನಿ ಪಕ್ವಿಯಾವೊ 2017ರಲ್ಲಿ ಇನ್ನೊಂದು ಲೀಗ್ ಕಟ್ಟಿದರು. ಇದರಲ್ಲಿ ತಂಡಗಳಿಗೆ ನಗರಗಳ, ಪ್ರಾಂತ್ಯಗಳ ಹೆಸರು. ಆಯಾ ಊರಿನಲ್ಲಿ ಬೆಳೆದವರಿಗೆ ಜಾಗ ಸಿಗಬೇಕು ಎನ್ನುವುದು ಅದರ ಉದ್ದೇಶಗಳಲ್ಲಿ ಒಂದು. ಆಟದ ಹುಚ್ಚು ಅಷ್ಟಿರುವ ದೇಶಕ್ಕೇ ಅದು ಬೇಕಾಯಿತು. ನಮಗೆ ಬೇಡವೇ?

"ಕುಂಬಳೆಯಿಂದ ಅನಿಲ್ ಕುಂಬ್ಳೆ ಬರಲಿಲ್ವಾ?" ಎಂದೂ ಕೆಲವರು ಹೇಳುತ್ತಾರೆ. 619 ಟೆಸ್ಟ್ ವಿಕೆಟ್, ನನಗೂ ಹೆಮ್ಮೆ. ಆದರೆ ಹೆಸರು ಮಾತ್ರ ನಮ್ಮೂರಿನದು. ಅವರು ಹುಟ್ಟಿ ಬೆಳೆದು ಆಟ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ಮೈದಾನ ಇತ್ತು, ಆಡಲಿಕ್ಕೆ ಲೀಗ್ ಇತ್ತು.

ಇನ್ನು, ಊರಿನವರು ಅಂದರೆ ಯಾರು? ಏಳು ಭಾಷೆಯ ಊರು ನಮ್ಮದು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಒಂದೇ ತಂಡದಲ್ಲಿ ಎಲ್ಲವೂ ಕೇಳುತ್ತದೆ. ಇಲ್ಲಿನ ಶಾಲೆಯಲ್ಲಿ ಮೂರು ವರ್ಷ ಓದಿದ್ದರೆ ಸಾಕು. ಒಂದು ತಂಡದ ಸೆಂಟರ್ ಹುಡುಗನ ಅಪ್ಪ ಬಿಹಾರದಿಂದ ಕೆಂಪುಕಲ್ಲಿನ ಕೋರೆಗೆ ಬಂದವರು. ಅವನು ಊರಿನವನೇ. ಅದರ ಬಗ್ಗೆ ನನ್ನ ಹತ್ತಿರ ಚರ್ಚೆ ಬೇಡ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸು, ಮುಗಿದ ಮೇಲೆ ಈ ಹುಡುಗ ಎಲ್ಲಿ ಆಡುತ್ತಾನೆ? ಶಾಲೆಯಲ್ಲಿ ಇರುವಷ್ಟು ದಿನ ಸಬ್ ಜಿಲ್ಲೆ, ಜಿಲ್ಲೆ ಎಂದು ಪಂದ್ಯಗಳಿವೆ, ಗ್ರೇಸ್ ಮಾರ್ಕ್ ಇದೆ. ಆಮೇಲೆ ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದರೆ ಅವನು ಮಂಗಳೂರು ವಿಶ್ವವಿದ್ಯಾಲಯದವನು. ಇಲ್ಲೇ ಸೇರಿದರೆ ಕಣ್ಣೂರು ವಿಶ್ವವಿದ್ಯಾಲಯದವನು. ತಮ್ಮ ಅಲ್ಲಿ, ಅಣ್ಣ ಇಲ್ಲಿ, ಎರಡೂ ಒಂದೇ ಮನೆಯಲ್ಲಿ ನಾನು ನೋಡಿದ್ದೇನೆ. ಕಾಲೇಜಿಗೇ ಹೋಗದವನು ಯಾರವನೂ ಅಲ್ಲ. ಹದಿನೆಂಟಕ್ಕೆ ಶೂ ಅಟ್ಟಕ್ಕೆ ಹೋಗುತ್ತದೆ. ಮೈ ಗಟ್ಟಿಯಾಗುವ, ಆಟ ಅರ್ಥ ಆಗುವ ವಯಸ್ಸೇ ಅದು. ಗಂಡಸರ ಲೀಗ್ ಎಂದು ನಾವು ಮಾಡುವುದು ಅವನಿಗಾಗಿ. ನನಗೆ ಅದೊಂದು ಪ್ರಶ್ನೆ ಕೇಳಿ. ಬೇಕಾದರೆ ಪಾಯಸ ಬಿಟ್ಟು ಉತ್ತರ ಕೊಡುತ್ತೇನೆ.

ಆ ಉಪನಯನದ ಹಿರಿಯರು ಕೈ ತೊಳೆಯುವಲ್ಲಿ ಮತ್ತೆ ಸಿಕ್ಕಿದರು. ಇಬ್ಬರು ಹೊರಗಿನವರ ಖರ್ಚು ತಾವು ಕೊಡುತ್ತೇವೆ ಎಂದರು. ಮನಸ್ಸು ದೊಡ್ಡದು, ಅದನ್ನು ಒಪ್ಪುತ್ತೇನೆ. ಅದೇ ದುಡ್ಡಿಗೆ ಅಂಗಳಕ್ಕೆ ನಾಲ್ಕು ಲೈಟ್ ಹಾಕಿಸಿಕೊಡಿ ಎಂದೆ. ಫೈನಲಿಗೆ ತರುವುದು ಬಾಡಿಗೆ ಲೈಟ್, ಒಂದೇ ರಾತ್ರಿಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಸಿಮೆಂಟಿನ ಮೇಲೆ ಪಾಚಿ. ಅದನ್ನು ಉಜ್ಜಿ ತೆಗೆದು ಆಟ ಶುರುಮಾಡುವಾಗ ಅಕ್ಟೋಬರ್. ಅಷ್ಟರಲ್ಲಿ ಆರೂವರೆಗೆ ಕತ್ತಲು. ಅಂಗಡಿ, ಗ್ಯಾರೇಜಿನ ಕೆಲಸ ಬಿಟ್ಟು ಹುಡುಗರು ಬರುವಾಗ ಏಳು ಗಂಟೆ. ಈಗ ಎರಡು ಬೈಕಿನ ಹೆಡ್‌ಲೈಟ್ ಹಾಕಿಕೊಂಡು ಒಂದೇ ರಿಂಗಿನಲ್ಲಿ ಆಡುತ್ತಾರೆ.

ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾರೆ.