ಡ್ರೈವಿಗೇ ಬೀಗ: ಓಪಾಲ್ ಎಸ್‌ಎಸ್‌ಡಿ ಕೆಲಸ ಎಲ್ಲಿಗೆ ಬಂತು

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ 1 ಟಿಬಿ ಸಾಟಾ ಎಸ್‌ಎಸ್‌ಡಿ (ಸಾಟಾ ಅಂದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆ) ಕೊನೆಗೂ ಕೆಲಸಕ್ಕೆ ಕೂತಿದೆ. ಇದರಲ್ಲಿ ಓಪಾಲ್ ಇದೆ, ಅಂದರೆ ಡ್ರೈವ್ ತಾನೇ ಡೇಟಾಗೆ ಬೀಗ ಹಾಕಿಕೊಳ್ಳುವ ವ್ಯವಸ್ಥೆ. ಮನೆಯ ಖಾತಾ, ಕ್ರಯಪತ್ರ, ಎಲ್ಲರ ಆಧಾರ್-ಪ್ಯಾನ್ ಸ್ಕ್ಯಾನು, ಅಮ್ಮನ ಆಸ್ಪತ್ರೆ ರಿಪೋರ್ಟು, ಎಲ್ಲ ಇದರೊಳಗೆ ಹೋಗಬೇಕು. ಕಂಪ್ಯೂಟರ್ ಕಳುವಾದರೂ ಯಾರೂ ಓದುವಂತಿರಬಾರದು.

ಕೊಳ್ಳುವಾಗ ಬೆಲೆಗಿಂತ ಜಾಸ್ತಿ ನೋಡಿದ್ದು ಲೇಬಲನ್ನು. ಓಪಾಲ್ ಡ್ರೈವಿನ ಮೇಲೆ ಪಿಎಸ್‌ಐಡಿ ಅಂತ 32 ಅಕ್ಷರಗಳ ಸಾಲು ಅಚ್ಚಾಗಿರುತ್ತದೆ. ಹಳೇ ಮಾಲೀಕರ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಇದನ್ನು ಕೊಟ್ಟರೆ ಡ್ರೈವ್ ಖಾಲಿಯಾಗಿ ಕೈಗೆ ಬರುತ್ತದೆ. ಲೇಬಲ್ ಕಿತ್ತುಹೋದ ಡ್ರೈವ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಅಕ್ಷರ ಎಷ್ಟು ಸಣ್ಣದೆಂದರೆ, ಮೊಬೈಲಲ್ಲಿ ಫೋಟೋ ತೆಗೆದು ಹಿಗ್ಗಿಸಿ ಟೈಪ್ ಮಾಡಿದೆ. ಎಂಟರ್ ಒತ್ತಿದ ತಕ್ಷಣ ಎಲ್ಲ ಮಾಯ. ಇಂಥ ಡ್ರೈವ್ ತನ್ನೊಳಗೇ ಹುಟ್ಟಿಸಿಕೊಂಡ ಗುಟ್ಟಿನ ಕೀಯಿಂದ ಎಲ್ಲವನ್ನೂ ಸದಾ ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿಯೇ, ಬರೆಯುತ್ತದೆ. ನಮ್ಮ ಪಾಸ್‌ವರ್ಡ್ ಕಾಯುವುದು ಆ ಕೀಯನ್ನು ಮಾತ್ರ. ಕೀ ಬದಲಾಯಿತೋ, ಹಳೇ ಡೇಟಾ ಬರೀ ಕಸ. ಅದರ ಬದಲು, ಸೆಕೆಂಡಿಗೆ 500 ಎಂಬಿ ವೇಗದಲ್ಲಿ 1 ಟಿಬಿ ಪೂರ್ತಿ ಅಳಿಸಿ ಬರೆಯಲು ಅರ್ಧ ಗಂಟೆ ದಾಟುತ್ತದೆ. ಆಗಲೂ ಬಿಡಿ ಸೆಲ್‌ಗಳಲ್ಲಿ ಏನಾದರೂ ಉಳಿದಿರಬಹುದು.

ಹಾಗಂತ ಡ್ರೈವನ್ನೇ ಪೂರ್ತಿ ನಂಬಲು ಮನಸ್ಸು ಬರಲಿಲ್ಲ. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕ್ರೂಷಿಯಲ್, ಸ್ಯಾಮ್‌ಸಂಗ್‌ನ ಕೆಲವು ಮಾಡೆಲ್‌ಗಳನ್ನು ಬಿಚ್ಚಿ ನೋಡಿದ್ದರು. ಕೆಲವದರಲ್ಲಿ ಪಾಸ್‌ವರ್ಡಿಗೂ ಒಳಗಿನ ಕೀಗೂ ಸಂಬಂಧವೇ ಇರಲಿಲ್ಲ! ಫರ್ಮ್‌ವೇರ್ (ಡ್ರೈವಿನೊಳಗಿನ ಸಾಫ್ಟ್‌ವೇರ್) ತಿದ್ದಿದರೆ ಯಾವ ಪಾಸ್‌ವರ್ಡಿಗೂ ಬಾಗಿಲು ತೆರೆಯುತ್ತಿತ್ತು. ತಾನೇ ಎನ್‌ಕ್ರಿಪ್ಟ್ ಮಾಡುವ ಡ್ರೈವ್ ಸಿಕ್ಕರೆ, ವಿಂಡೋಸಿನ ಎನ್‌ಕ್ರಿಪ್ಷನ್ ಸೌಲಭ್ಯವಾದ ಬಿಟ್‌ಲಾಕರ್ ಸುಮ್ನೆ ಅದನ್ನೇ ನಂಬಿ ಕೂರುತ್ತಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಆ ಡಿಫಾಲ್ಟ್ ಬದಲಾಯಿಸಿತು. ನನ್ನ ಡ್ರೈವಿನ ಫರ್ಮ್‌ವೇರ್ ಹೇಗಿದೆಯೋ ನಾನಂತೂ ಬಿಚ್ಚಿ ನೋಡಲಾರೆ.

ಅದಕ್ಕೇ ಎರಡೂ ಇರಲಿ ಅಂತ ತೀರ್ಮಾನಿಸಿದೆ. ಲಿನಕ್ಸಿನಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಮಾಡುವ ಸಾಧನ ಕ್ರಿಪ್ಟ್‌ಸೆಟಪ್‌ನ 2.7ನೇ ಆವೃತ್ತಿಯಿಂದ, ಓಪಾಲ್ ಬೀಗದ ಮೇಲೆ ಮಾಮೂಲಿ ಲಕ್ಸ್ ಎನ್‌ಕ್ರಿಪ್ಷನ್ನೂ (ಕಂಪ್ಯೂಟರೇ ಮಾಡುವುದು) ಹಾಕಬಹುದು. ಒಂದೇ ಪಾಸ್‌ವರ್ಡಿಗೆ ಎರಡೂ ತೆರೆಯುತ್ತವೆ. ಸಾಟಾ ಡ್ರೈವ್ ಆದ್ದರಿಂದ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಬೂಟ್ ಆಗುವಾಗಲೇ ಲಿಬ್‌ಎಟಿಎ ಅಲೌ ಟಿಪಿಎಂ (libata.allow_tpm=1) ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಓಪಾಲ್ ಆದೇಶ ಡ್ರೈವಿಗೆ ಮುಟ್ಟುವುದೇ ಇಲ್ಲ. ಯುಎಸ್‌ಬಿ ಕೇಸ್‌ನಲ್ಲೂ ನನಗೆ ಮುಟ್ಟಲಿಲ್ಲ. ಸ್ಪೀಡ್ ಕಮ್ಮಿ ಆಯ್ತಾ? ನನಗೆ ಗೊತ್ತಾಗಲಿಲ್ಲ. ಪ್ರೊಸೆಸರ್‌ನಲ್ಲೇ ಎಇಎಸ್ (ಎನ್‌ಕ್ರಿಪ್ಟ್ ಮಾಡುವ ವಿಧಾನ) ಸೌಲಭ್ಯ ಇದೆ, ಸಾಟಾ ಅದಕ್ಕಿಂತ ನಿಧಾನ.

ಆಮೇಲೆ ಪರೀಕ್ಷೆ. ಪವರ್ ತೆಗೆದು, ಡ್ರೈವನ್ನು ತಮ್ಮನ ಕಂಪ್ಯೂಟರಿಗೆ ಹಾಕಿದೆ. ಶುರುವಿನಲ್ಲಿರುವ ಲಕ್ಸ್ ಹೆಡರ್ (ಎನ್‌ಕ್ರಿಪ್ಷನ್ ವಿವರದ ಭಾಗ) ಮಾತ್ರ ಓದಲು ಸಿಕ್ಕಿತು, ಮುಂದಿನದಕ್ಕೆಲ್ಲ ಬರೀ ಇನ್‌ಪುಟ್-ಔಟ್‌ಪುಟ್ ಎರರ್.

ಕಂಪ್ಯೂಟರ್ ಆನ್ ಇದ್ದು ಡ್ರೈವ್ ತೆರೆದಿರುವಾಗ ಇದ್ಯಾವುದೂ ಕಾಪಾಡಲ್ಲ, ಅಲ್ವಾ? ಸ್ಲೀಪ್‌ಗೆ ಹೋದರೆ ಇನ್ನೊಂದು ತಲೆನೋವು: ಡ್ರೈವಿಗೆ ಕರೆಂಟ್ ಹೋಗಿ ಬೀಗ ಬೀಳುತ್ತದೆ, ಎದ್ದ ಮೇಲೆ ಫೈಲ್ ಕೇಳಿದರೆ ನನ್ನ ಕಂಪ್ಯೂಟರಲ್ಲಿ ಎರರ್ ಬಂತು. ಸದ್ಯಕ್ಕೆ ಸ್ಲೀಪ್ ಆಫ್ ಮಾಡಿದ್ದೇನೆ. ಮುಂದಿನ ವಾರ, ಸ್ಲೀಪ್‌ಗೆ ಮುಂಚೆ ತಾನೇ ಡ್ರೈವನ್ನು ಅನ್‌ಮೌಂಟ್ ಮಾಡುವ (ಬಳಕೆಯಿಂದ ಬಿಡಿಸುವ) ಒಂದು ಸಣ್ಣ ಸ್ಕ್ರಿಪ್ಟ್ ಬರೆಯಬೇಕು.